ಮೊದಲ ಡಿಶ್ ಕೂರಿಸಿದ ದಿನದ ಫೋಟೋ

ಸುರತ್ಕಲ್

ಮುಖೇಶಣ್ಣನವರಿಗೆ ರಮ್ಲಾ ಮಾಡುವ ಸಲಾಂ.

ನಿಮ್ಮ ಕೇಬಲ್ ಟಿವಿ ಕಂಪೆನಿಗೆ ಇಪ್ಪತ್ತು ವರ್ಷ ತುಂಬಿದ್ದಕ್ಕೆ ಪುಸ್ತಕ ಬರುತ್ತಿರುವುದು ಸಂತೋಷ. ಅದಕ್ಕೆಂದು ನಿಮ್ಮ ಆಫೀಸಿನ ಅಶ್ಮಿತಾ ಮೊನ್ನೆ ಮನೆಗೆ ಬಂದಿದ್ದರು. ಕಂಪೆನಿಯ ಮೊದಲ ಡಿಶ್ಶನ್ನು ಹಂಪನಕಟ್ಟೆಯ ಲಾಡ್ಜಿನ ತಾರಸಿಯಲ್ಲಿ ನಮ್ಮವರೂ ನೀವೂ ಸೇರಿ ಕೂರಿಸಿದ ದಿನದ ಫೋಟೋ ಕೇಳಿದರು.

"ಕಾಪಿ ಸಾಕಲ್ವಾ?" ಎಂದೆ.

"ಆಗುವುದಿಲ್ಲ, ಒರಿಜಿನಲ್ಲೇ ಬೇಕು. ನೆಗೆಟಿವ್ ಉಂಟಾ?" ಎಂದು ಎರಡು ಸಲ ಕೇಳಿದರು. ಪುಸ್ತಕಕ್ಕೆ ನೆಗೆಟಿವ್ ಏಕೆಂದು ನನಗೆ ಆಗ ಅರ್ಥವಾಗಲಿಲ್ಲ.

ಅವರು ಚಹಾ ಕುಡಿಯುವಾಗ, ಜೊತೆಗೆ ತಂದಿದ್ದ ಪುಸ್ತಕದ ಕರಡು ಓದಿದೆ. ಮೊದಲ ಡಿಶ್ಶನ್ನು ನೀವೊಬ್ಬರೇ ಹೊತ್ತು ಏಣಿ ಹತ್ತಿದಿರಂತೆ. ಹಾಶಿಂ ಎಂಬ ನಮ್ಮವರ ಹೆಸರು ಎಲ್ಲಿಯೂ ಇಲ್ಲ. ಎರಡು ವರ್ಷದ ನಂತರ ಅದೇ ಕಂಪೆನಿಯ ಕೆಲಸದಲ್ಲಿ ಪಣಂಬೂರಿನ ಕಟ್ಟಡದಿಂದ ಅವರು ಬಿದ್ದು ತೀರಿಕೊಂಡದ್ದೂ ಇಲ್ಲ. ಕೊನೆಯ ಹಾಳೆಯಲ್ಲಿ 'ಸರಿಯಾಗಿದೆ' ಎಂದು ಬರೆದು ನೀವು ಸಹಿ ಹಾಕಿದ್ದೀರಿ. ಓದದೆ ಹಾಕಿರಬಹುದು ಎಂದು ನಂಬಲು ನೋಡುತ್ತಿದ್ದೇನೆ.

ಫೋಟೋದಲ್ಲಿ ನೀವಿಬ್ಬರೂ ಇದ್ದೀರಿ; ನೆಗೆಟಿವ್ ಏಕೆ ಕೇಳಿದರೆಂದು ಆಮೇಲೆ ತಿಳಿಯಿತು. ಅದಕ್ಕೇ ಫೋಟೋ ಕೊಟ್ಟು ಕಳಿಸಲಿಲ್ಲ. ಪುಸ್ತಕ ಬಿಡುಗಡೆಯ ಸಮಾರಂಭಕ್ಕೆ ನಾನೇ ತರುತ್ತೇನೆ. ನೀವು ಮಾತಾಡುವಾಗ ಅದನ್ನು ಹಿಡಿದುಕೊಂಡು ಎದುರಿಗೇ ಇರುತ್ತೇನೆ. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಇಡಿಸಿ.

ಇತಿ,
ರಮ್ಲಾ ಹಾಶಿಂ