ಬಾಣಂತಿ ಗೂಟದ ಕೆಳಗೆ ಜಿಲೇಬಿ ಮೀನು

ನಮ್ಮ ಕೆರೆಗೆ ಮೀನುಮರಿ ಬಿಡಿಸಿದ ಅಧಿಕಾರಿಗಳೇ,

ಸುರಪುರದಾಚೆಯ ನಮ್ಮ ಕೆರೆಯಲ್ಲಿ ನಾಟಿ ಕೊರವ ಮೀನು ಮುಗಿದಿದೆ. ಮುಗಿಸಿದ್ದು ನೀವು ಬಿಡಿಸಿದ ಆಫ್ರಿಕಾ ಮೂಲದ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಬರುವ ಸೋಮವಾರ ಅದನ್ನೇ ಮೇಲಿನ ಹೊಂಡಕ್ಕೂ ಸುರಿಯುತ್ತೀರಂತೆ. ನಮ್ಮ ಸುತ್ತಲಲ್ಲಿ ಕೊರವ ಉಳಿದಿರುವುದು ಆ ಹೊಂಡದಲ್ಲಿ ಮಾತ್ರ. ಮೀನಮೇಷ ಎಣಿಸದ ಅಧಿಕಾರಿ ಎಂದು ನಿಮ್ಮ ಖ್ಯಾತಿ. ನಿಜ, ಮೇಷದ ತಂಟೆಗೇ ಹೋಗದೆ ಮೀನನ್ನಷ್ಟೇ ಎಣಿಸಿ ವರದಿ ಕಳಿಸಿದಿರಿ.

ಕಾಲುವೆ ಬರುವ ಮೊದಲು ಬೇಸಿಗೆಗೆ ಕೆರೆ ಒಣಗುತ್ತಿತ್ತು. ಕೊರವ ಕೆಸರಿನಲ್ಲಿ ಹುದುಗಿ ಮಳೆ ಕಾಯುತ್ತಿತ್ತು. ಜಿಲೇಬಿಗೆ ಆ ವಿದ್ಯೆ ಗೊತ್ತಿಲ್ಲ. ಈಗ ಕಾಲುವೆಯ ಬಸಿನೀರು ಬಂದು ಕೆರೆ ಒಣಗುವುದೇ ಇಲ್ಲ. ಆಫ್ರಿಕಾದ ಅತಿಥಿಗೆ ಹೊರಡುವ ದಿನವೇ ಬರಲಿಲ್ಲ.

ನಮ್ಮ ಮೀನುಗಾರರಲ್ಲೊಂದು ಪದ್ಧತಿಯಿದೆ. ಕೆಂಪು ಮರಿಗಳ ಗುಂಪನ್ನು ಕಾಯುವ ತಾಯಿ ಕೊರವ ಕಂಡರೆ ಅಲ್ಲೊಂದು ಗೂಟ ಹೊಡೆದು ಬಟ್ಟೆ ಕಟ್ಟುತ್ತಾರೆ. ಅದು ಬಾಣಂತಿ ಗೂಟ. ಮರಿ ಚದುರುವವರೆಗೆ ಅದರ ಸುತ್ತ ಯಾರೂ ಬಲೆ ಬೀಸುವುದಿಲ್ಲ. ನಿಮ್ಮ ಜಿಲೇಬಿಯೂ ಮರಿ ಕಾಯುತ್ತದೆ, ಅಪಾಯ ಕಂಡರೆ ಬಾಯೊಳಗೇ ಬಚ್ಚಿಡುತ್ತದೆ. (ನಿಮ್ಮ ಯೋಜನೆಗಳೂ ಬಾಯಲ್ಲೇ ಬೆಳೆಯುವುದರಿಂದ ಇದು ನಿಮಗೆ ಹೊಸತಲ್ಲ.) ಮೀನು ಹಿಡಿದು ಬದುಕುವ ಸುಗಲಮ್ಮ ಅದನ್ನು ಕಂಡು ಕರಗಿ, ಅದಕ್ಕೂ ಗೂಟ ಹೊಡೆದಳು. ಎರಡು ವರ್ಷ ಊರೇ ಅದನ್ನು ಕಾಪಾಡಿತು. ಆ ಜಿಲೇಬಿಯೋ ಕೊರವದ ಮೊಟ್ಟೆ, ಮರಿ ತಿಂದು ಕೆರೆ ತುಂಬಿತು.

ಕಳೆದ ತಿಂಗಳು ನೀವು ಕೆರೆ ನೋಡಲು ಬಂದಾಗ ಅವಳು ಕೇಳಿದ್ದು ನೆನಪಿದೆಯೇ?

“ಸಾಹೇಬ್ರ, ನಮ್ಮ ಕೊರವ ಎಲ್ಲಿ ಹೋದವ್ರಿ?”

“ಮೀನು ಹೆಚ್ಚಾಗಿದೆಯಲ್ಲಮ್ಮ, ಇನ್ನೇನು ಬೇಕು?” ಎಂದಿರಿ ನೀವು.

“ಹೆಚ್ಚಾಗ್ಯಾವ್ರಿ. ನಿಮ್ಮ ಮನ್ಯಾಗ ಮಂದಿ ಮಕ್ಕಳು ಬಂದು ತುಂಬಿ, ನಿಮ್ಮವು ಕಾಣ್ಲಿಲ್ಲಂದ್ರ, ಮಕ್ಕಳು ಹೆಚ್ಚಾಗ್ಯಾವ ಅಂತೀರೇನ್ರಿ?”

ನೀವು ಜೀಪು ಹತ್ತಿದಿರಿ. ಅದು ಉತ್ತರವೇ?

ಮೊನ್ನೆ ಅವಳು ಮೊದಲ ಸಲ ಮರಿ ಕಾಯುವ ಜಿಲೇಬಿಯ ಮೇಲೆ ಬಲೆ ಬೀಸಿದಳು. ಎಳೆಯಲು ಕೈ ಬರಲಿಲ್ಲ. ಗಂಡ ಗುರಪ್ಪ ಎಳೆದ.

“ಬಾಣಂತಿ ಅದಾಳ. ನಾ ನೋಡಂಗಿಲ್ಲ,” ಎಂದು ನೀರಿಗೆ ಬೆನ್ನು ಮಾಡಿ ಕುಳಿತಳು.

“ನೋಡಬ್ಯಾಡ ತಗೋ,” ಎಂದ ಗುರಪ್ಪ. “ಇಷ್ಟ ದಿನ ನೋಡಿದ್ದಕ್ಕ ಹಿಂಗಾಗೇದ.”

ಕಾಪಾಡುತ್ತಿದ್ದ ಕೈಗೆ ಈ ಕೆಲಸ ಕಲಿಸಿದ ಶ್ರೇಯಸ್ಸನ್ನೂ ನಿಮ್ಮ ವರದಿಯಲ್ಲಿ ಸೇರಿಸಿಕೊಳ್ಳಿ, ಸಂಕೋಚ ಬೇಡ.

ನಾನು ಕೇಳುವುದಿಷ್ಟೇ. ಸೋಮವಾರದ ಕಾರ್ಯಕ್ರಮ ರದ್ದಾಗಬೇಕು. ಮೇಲಿನ ಹೊಂಡಕ್ಕೆ ಹೊರಗಿನ ಮರಿ ಬಿಡುವುದಿಲ್ಲವೆಂದು ಶನಿವಾರದೊಳಗೆ ಬರೆದು ಕೊಡಿ. ಇಲ್ಲವಾದರೆ ನಿಮ್ಮ ಮೀನುಮರಿಯ ಡ್ರಮ್ಮುಗಳು ಬರುವ ದಾರಿಯಲ್ಲಿ ಸುಗಲಮ್ಮ ಕುಳಿತಿರುತ್ತಾಳೆ, ಪಕ್ಕದಲ್ಲಿ ನಾನೂ.

ಇಂತಿ,
ಅಂದು ಮೊದಲ ಡ್ರಮ್ಮು ಬಗ್ಗಿಸಿದ ನಿಮಗೆ ಹಾರ ಹಾಕಿ, ಅರ್ಧ ಗಂಟೆ ಸ್ವಾಗತ ಭಾಷಣವನ್ನೂ ಮಾಡಿದ
ಅಮರಪ್ಪ, ನಿವೃತ್ತ ಉಪನ್ಯಾಸಕ