ಎರಡು ಮನೆಯ ಒಂದು ಹೊಗೆಗೂಡು

ಸೇಲಮ್, ಮಾರ್ಚ್ 9, 1956
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ವಿನಿ,

ಒಂಬತ್ತು ವರ್ಷದ ಮೇಲೆ ಅಕ್ಕನ ಕಾಗದ ಬಂತೆಂದು ಹರಿದು ಹಾಕಬೇಡ. ಮೊದಲು ಮೇಲಿನ ಮಹಡಿಗೆ ಓಡಿ, ನಿನ್ನ ಮೊಮ್ಮಗಳು ಕೋರಾಳನ್ನು ತೊಟ್ಟಿಲಿನಿಂದ ಎತ್ತಿಕೊಂಡು ಕೆಳಗಿಳಿ. ಉಳಿದದ್ದನ್ನು ಆಮೇಲೆ ಓದು. ಈಗಷ್ಟೇ ಮೂರು ಸಲ ನಿನ್ನ ಬಾಗಿಲ ಗಂಟೆ ಒತ್ತಿದೆ. ನೀನು ಪರದೆ ಸರಿಸಿ ನೋಡಿ, ಒಳಗೆ ಹೋದೆ.

ಮೇಲಿನ ಕೋಣೆಯಲ್ಲಿ ನಮ್ಮೆರಡು ಮನೆಯ ನಡುಗೋಡೆ ನನ್ನ ಬದಿಗೆ ಬಿರುಕು ಬಿಟ್ಟಿದೆ. ನಿನ್ನೆ ಉಗುರು ಹೋಗುತ್ತಿತ್ತು, ಇಂದು ಇಡೀ ಬೆರಳು ಹೋಗುತ್ತದೆ. ಗಾರೆ ಕೆಲಸದ ಡೊನೊವನ್ ಬಂದು ನೋಡಿದ. ಯಾವಾಗಲೂ ನನ್ನನ್ನು ರೇಗಿಸುವ ಮುದುಕ, ಟೋಪಿ ತೆಗೆದು ನಿಂತುಬಿಟ್ಟ. "ಅಮ್ಮಾ, ಈ ಹೊಗೆಗೂಡು ನಿಮ್ಮಿಬ್ರದ್ದೂ ಕಣ್ರೀ. ಬೀಳೋವಾಗ ಯಾರ ಮನೆ ಅಂತ ಕೇಳ್ಕೊಂಡು ಬೀಳಲ್ಲ" ಎಂದ.

ಮುತ್ತಜ್ಜಿಯ ಅಪ್ಪ ಕ್ಯಾಪ್ಟನ್ ಥರ್ಲೋ 1809ರಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆಂದು ಕಟ್ಟಿಸಿದ ಜೋಡಿ ಮನೆ ಇದು. ಅದೇ ಕೆಂಪು ಇಟ್ಟಿಗೆ, ಬಾಗಿಲ ನೆತ್ತಿಗೆ ಅದೇ ಬೀಸಣಿಗೆಯಾಕಾರದ ಗಾಜು, ಕಿಟಕಿಗೆ ಕಿಟಕಿ, ಸುತ್ತು ಮೆಟ್ಟಿಲಿಗೆ ಸುತ್ತು ಮೆಟ್ಟಿಲು. ಒಬ್ಬಳಿಗೆ ಹೆಚ್ಚು ಒಬ್ಬಳಿಗೆ ಕಡಿಮೆ ಆಗಬಾರದೆಂದು ಅಷ್ಟು ಜಾಗ್ರತೆ ಮಾಡಿದವನು ಹೊಗೆಗೂಡು ಮಾತ್ರ ಒಂದೇ ಕಟ್ಟಿಸಿದ, ನಡುಗೋಡೆಯೊಳಗೆ, ನೆಲಮಾಳಿಗೆಯಿಂದ ಸೂರಿನಾಚೆಗೆ. ನಾವು ಮಾತು ಬಿಟ್ಟ ಮೇಲೂ ಇಬ್ಬರ ಹೊಗೆಯೂ ಅದರಲ್ಲೇ ಹೋಗುತ್ತಿತ್ತು.

ಈ ಸಲದ ಹಿಮದಿಂದ ಹಳೆಯ ಗಾರೆ ಸಡಿಲಾಗಿರಬೇಕು. ರಸ್ತೆ ಅಗೆದವರದೂ ತಪ್ಪಿರಬಹುದು.

ತೊಟ್ಟಿಲು ಆ ಗೋಡೆಯ ಪಕ್ಕದಲ್ಲೇ ಇದೆಯೆಂದು ನನಗೆ ಹೇಗೆ ಗೊತ್ತೆಂದು ಕೇಳುತ್ತೀಯೇನೋ. ಮಧ್ಯಾಹ್ನ ಮಗು ಅತ್ತರೆ ಗೋಡೆಗೆ ಕಿವಿಯಿಟ್ಟು ಕೂರುತ್ತೇನೆ. ಲಾಲಿ ಹಾಡುವಾಗ ನೀನು ಇನ್ನೂ ಶ್ರುತಿ ತಪ್ಪುತ್ತೀಯೆ.

ಹೆದರಿಕೆಯಾಗುತ್ತಿದೆ, ವಿನಿ. ಬೇಗ ಹೊರಗೆ ಬಾ.

ನಿನ್ನ ಅಕ್ಕ,
ಟ್ಯಾಬಿ

ತಾ.ಕ.: ಹಿಮದ ಮಾತು ಸುಳ್ಳು. ನನ್ನ ಮನೆಯ ಕೆಳಗಿನ ಅಗ್ಗಿಷ್ಟಿಕೆಯ ಕೆತ್ತನೆ ಚೌಕಟ್ಟು ನಿನಗೇ ಸೇರಬೇಕೆಂದು ಅಮ್ಮ ಸಾಯುವ ಮುಂಚೆ ನನಗೂ ಹೇಳಿದ್ದಳು. ನೀನು ಕೇಳಿದ ವಾರವೇ ಹಟಕ್ಕೆ ಬಿದ್ದು ಅದನ್ನು ಕೀಳಿಸಿದೆ. ಪಿಯಾನೋಗೆ ಜಾಗ ಬೇಕೆಂದು ಹಿಂದಿನ ಇಟ್ಟಿಗೆ ಕಟ್ಟನ್ನೂ ಒಡೆಸಿದೆ. ಅಂದಿನಿಂದ ಮೇಲಿನ ಹೊಗೆಗೂಡಿನ ಭಾರವೆಲ್ಲ ಎರಡು ತೊಲೆಯ ಮೇಲಿದೆ. ಡೊನೊವನ್ "ಕೆಳಗಡೆ ಯಾರಾದ್ರೂ ಕೈ ಹಾಕಿದ್ರಾ?" ಎಂದು ಕೇಳಿದಾಗ ಇಲ್ಲವೆಂದೆ, ಆ ಕೋಣೆಗೆ ಅವನನ್ನು ಬಿಡಲೇ ಇಲ್ಲ. ಚೌಕಟ್ಟು ನೆಲಮಾಳಿಗೆಯಲ್ಲಿದೆ, ನಿನ್ನದೇ. ಇದನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ, ನಿನ್ನ ಮೆಟ್ಟಿಲ ಮೇಲೆ, ಆ ಹೊಗೆಗೂಡಿನ ಕೆಳಗೇ ಕೂರುತ್ತೇನೆ. ನೀವಿಬ್ಬರೂ ಹೊರಗೆ ಬರುವವರೆಗೆ ಏಳುವುದಿಲ್ಲ.