ಪಡಸಾಲೆಗೆ ಬಂದ ಕೆಂಪಿ

ಸುರೇಬಾನ
ತಾ. 20-8-2025, ಬುಧವಾರ

ಪ್ರೀತಿಯ ಮಗಳು ಚಿ. ಸೌ. ಐಶ್ವರ್ಯಾಗೆ,

ನಿನ್ನ ಅತ್ತೆ ಚನ್ನವ್ವ ಮನಸಾರೆ ಹರಸಿ ಬರೆಯುತ್ತಿದ್ದೇನೆ. ಮೈ ಹೇಗಿದೆ? ಕಾಲಿನ ಬಾವು ಇಳಿಯಿತೇ? ಮೈಯಲ್ಲಿ ರಕ್ತ ತುಸು ಹೆಚ್ಚಿದೆ ಎಂದು ಡಾಕ್ಟರಮ್ಮ ಹೇಳಿದರೆಂದು ಮಗ ಗೌರೀಶ ತಿಳಿಸಿದ, ಕೇಳಿ ಹೋದ ಜೀವ ಬಂದಂತಾಯಿತು. ಬೈಲಹೊಂಗಲದಲ್ಲಿ ಮಳೆ ಹಿಡಿದಿದೆಯಂತೆ, ಬಚ್ಚಲ ಕಡೆ ಹೋಗುವಾಗ ನೋಡಿ ಹೆಜ್ಜೆ ಇಡು. ನಿನ್ನ ಅವ್ವ, ಅಪ್ಪನಿಗೆ ನನ್ನ ಶರಣು ಹೇಳು. ಇಲ್ಲಿ ನಿನ್ನ ಮಾವನವರು ಆರಾಮ ಇದ್ದಾರೆ, ನೀನಿಲ್ಲದೆ ಚಹಾಕ್ಕೆ ರುಚಿಯಿಲ್ಲ ಎಂದು ದಿನಾ ನನ್ನ ಮೇಲೆ ಹರಿಹಾಯುತ್ತಾರೆ. ಫೋನಿರುವಾಗ ಈ ಅತ್ತೆಗೆ ಕಾಗದ ಬರೆಯುವ ಹುಚ್ಚೇಕೆ ಎನ್ನಬೇಡ. ಫೋನು ಮಾಡಿದರೆ ನಿಮ್ಮ ಮನೆಯವರೆಲ್ಲ ಸ್ಪೀಕರ್ ಹಾಕಿಕೊಂಡು ಸುತ್ತ ಕೂರುತ್ತೀರಿ. ಇದು ಎಲ್ಲರೆದುರು ಹೇಳುವ ಮಾತಲ್ಲ. ಜೋಳದ ಹಿಟ್ಟಿನ ಡಬ್ಬಿಯಲ್ಲಿ ತತ್ತಿಗಳನ್ನು ಹೂತು ಕಳಿಸುತ್ತೇನಲ್ಲ, ಈ ಸಲ ಅವುಗಳ ಜೊತೆ ಈ ಕಾಗದವನ್ನೂ ಹೂತಿದ್ದೇನೆ.

ನಮ್ಮ ಜಾಣತನ ನೆನಪಿದೆಯಲ್ಲ? ನಿನಗೆ ರಕ್ತ ಕಡಿಮೆ, ದಿನಾ ತತ್ತಿ ತಿನ್ನಬೇಕು ಎಂದು ಡಾಕ್ಟರಮ್ಮ ಹೇಳಿದಾಗ ನಾನು ಬೆವೆತುಬಿಟ್ಟೆ. ಲಿಂಗ ಕಟ್ಟಿದ ಮನೆ, ಅಂಗಡಿಗೆ ಹೋಗಿ ತತ್ತಿ ಕೇಳಿದರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಅದಕ್ಕೆ ಹಿತ್ತಲಲ್ಲಿ ಗುಟ್ಟಾಗಿ ಕೋಳಿಯನ್ನೇ ಸಾಕಿದರಾಯಿತು ಎಂದೆ ನಾನು. ಕೋಳಿ ಕೂಗುತ್ತದೆ ಎಂಬುದು ಈ ತಲೆಗೆ ಹೊಳೆಯಲೇ ಇಲ್ಲ ನೋಡು! ಹಿತ್ತಲ ಗೋಡೆಯಾಚೆಯ ಬಾಯವ್ವ ರಾಮದುರ್ಗದ ಸಂತೆಯಿಂದ ಕೆಂಪಿಯನ್ನೂ ಬಿಳಿಯದನ್ನೂ ಸೆರಗಿನಡಿ ಮುಚ್ಚಿಕೊಂಡು ತಂದುಕೊಟ್ಟಳು. ಗೌರೀಶ ಕೆಟ್ಟ ಕೂಲರಿನ ಡಬ್ಬಿಗೆ ಜಾಳಿಗೆ ಬಡಿದು ಗೂಡು ಮಾಡಿದ. ಯಾರಾದರೂ ಕೂಗು ಕೇಳಿ ವಿಚಾರಿಸಿದರೆ ಬಾಯವ್ವನವು ಎಂದರಾಯಿತು ಎಂದು ನಾವು ನಕ್ಕೆವು. ಬಾಯವ್ವನೂ ನಕ್ಕಳು. ಆ ನಗೆಯೇ ಈಗ ನನ್ನ ಕೊರಳಿಗೆ ಸುತ್ತಿಕೊಂಡಿದೆ.

ಶ್ರಾವಣದ ಮೊದಲ ಸೋಮವಾರ ಮಠದ ಅಜ್ಜನವರು ಪಾದಪೂಜೆಗೆ ನಮ್ಮ ಮನೆಗೆ ದಯಮಾಡಿಸಿದ್ದರು. ಅದನ್ನು ಫೋನಿನಲ್ಲಿ ಬಹಳ ಚೆಂದಾಗಿ ವರ್ಣಿಸಿದ್ದೆ, ಹೋಳಿಗೆ ಎಷ್ಟು ಮೆತ್ತಗಿದ್ದವು ಎಂಬುದನ್ನೂ ಸೇರಿಸಿ. ಹೇಳದೆ ಬಿಟ್ಟದ್ದನ್ನು ಈಗ ಕೇಳು. ಪಡಸಾಲೆ ತುಂಬ ಜನ, ನನ್ನ ಹಿರಿಯ ನೆಗೆಣ್ಣಿ ಅನ್ನಪೂರ್ಣಕ್ಕ ಆರತಿ ಹಿಡಿದಿದ್ದಳು. ಓಣಿಯವರು ದರ್ಶನಕ್ಕೆಂದು ಮೆಟ್ಟಿಲ ಕೆಳಗೆ ನಿಂತಿದ್ದರು, ಬಾಯವ್ವನೂ ಅಲ್ಲಿದ್ದಳು. ಗಡಿಬಿಡಿಯಲ್ಲಿ ನಾನು ಗೂಡಿನ ಅಗುಳಿ ಹಾಕಿರಲಿಲ್ಲ. ಕೆಂಪಿ ತತ್ತಿ ಇಟ್ಟು, ಊರಿಗೆಲ್ಲ ಡಂಗುರ ಸಾರುತ್ತ, ಅಡುಗೆಮನೆ ಹಾಯ್ದು ನೇರ ಜಮಖಾನೆಯ ಮೇಲೆ ಬಂದಿತು. ಅಷ್ಟು ಜನರಲ್ಲಿ ನನ್ನನ್ನೇ ಹುಡುಕಿಕೊಂಡು ಬಂದು ನನ್ನ ಸೆರಗು ಕುಕ್ಕತೊಡಗಿತು. ದಿನಾ ಸೆರಗಿನಲ್ಲೇ ಜೋಳ ಒಯ್ದು ಹಾಕುತ್ತಿದ್ದೆನಲ್ಲ, ಅದಕ್ಕೇನು ಗೊತ್ತು?

"ಇದ್ಯಾರ ಕೋಳಿನ ಚನ್ನವ್ವ, ನಿನ್ನ ಗುರ್ತ ಇದ್ದಂಗ ಐತಿ?" ಎಂದಳು ಅನ್ನಪೂರ್ಣಕ್ಕ.

ನಾನು ಕೆಂಪಿಯನ್ನು ಕಾಲಿನಿಂದ ನೂಕಿದೆ. "ಬಾಯವ್ವಂದು ನೋಡಕ್ಕಾ. ಎಷ್ಟ ಸಲ ಹೇಳೀನಿ, ಕಟ್ಟಿ ಹಾಕೂದಿಲ್ಲ. ಮಂದಿ ಮನಿ ಮಡಿ-ಮೈಲಿಗಿ ಖಬರ ಇಲ್ಲ ಇವರಿಗೆ!" ಎಂದೆ. ಅಷ್ಟೂ ನನ್ನ ಬಾಯಿಂದಲೇ ಬಂತು ಐಶ್ವರ್ಯಾ. ಮೊದಲ ಮಾತು ಹೆದರಿಕೆಯಿಂದ ಬಂತೆನ್ನಬಹುದು, ಉಳಿದದ್ದಕ್ಕೆ ಏನು ನೆಪ ಹೇಳಲಿ? ಬಾಯವ್ವ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಅಜ್ಜನವರಿಗೆ ಕೈ ಮುಗಿದು, "ತಪ್ಪಾತ್ರಿ ಅಜ್ಜಾರ, ನಂದ ಐತಿ" ಎಂದಳು. ಅವಳನ್ನು ಒಳಗೆ ಬಾ ಎನ್ನಲೂ ನನಗೆ ಬಾಯಿ ಬರಲಿಲ್ಲ. ಅವಳು ಮೆಟ್ಟಿಲ ಕೆಳಗಿನಿಂದಲೇ ಕೆಂಪಿಯನ್ನು ಕರೆದು, ಹಿಡಿದು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಅಜ್ಜನವರು ನಕ್ಕು, "ಇರ್ಲಿ ಬಿಡ್ರಿ, ಅದಕೂ ದರ್ಶನ ಆತು" ಎಂದರು. ನಾನು ಯಾರಿಗೆ ಅಂಜಿದ್ದೆನೋ ಅವರು ಹೀಗೆ ನಕ್ಕುಬಿಟ್ಟರು.

ಅಂದಿನಿಂದ ಓಣಿಯವರು ಬಾಯವ್ವನಿಗೆ ಚುಚ್ಚುಮಾತು ಆಡುತ್ತಿದ್ದಾರೆ. ನಳದ ಹತ್ತಿರ ಅವಳ ಕೊಡವನ್ನು ಹಿಂದೆ ಸರಿಸುತ್ತಾರೆ. ಅನ್ನಪೂರ್ಣಕ್ಕನಂತೂ ಬಾಯವ್ವನ ಗಂಡ ಹನುಮಪ್ಪನನ್ನು ಕರೆಸಿ ಬುದ್ಧಿ ಹೇಳಿ ಕಳಿಸಿದಳು, ನಾನು ಅಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದೆ. ಪೂಜೆಯ ಮರುದಿನ ಬಿಳಿಯದನ್ನೂ ಬಾಯವ್ವನೇ ಬಂದು ಒಯ್ದಳು. ಗೋಡೆಯ ಹತ್ತಿರ ನಿಂತು, ತಪ್ಪಾಯಿತು, ಕೋಳಿಗಳನ್ನು ಕೊಡು ಎಂದು ಪಿಸುಗುಟ್ಟಿದೆ. ಅವಳು ಪಿಸುಗುಟ್ಟಲಿಲ್ಲ. "ನಂದು ಅಂತ ಮಂದಿ ಮುಂದ ಅಂದ್ರಿ. ನಿಮ್ಮವು ಅಂತ ಮಂದಿ ಮುಂದನ ಅಂದು ಒಯ್ರಿ" ಎಂದಳು. ಆದರೂ ನಿತ್ಯ ಗೋಡೆಯ ಮೇಲೆ ಬಟ್ಟಲಲ್ಲಿ ತತ್ತಿ ಇರುತ್ತದೆ. "ನಿಮಗಲ್ರಿ, ಆ ಬಸುರಿಗೆ" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಾಳೆ. ನೀನು ಫೋನಿನಲ್ಲಿ "ಅತ್ತೀ, ಎಷ್ಟ್ ಕಾಳಜಿ ಮಾಡ್ತೀರಿ" ಎಂದಾಗಲೆಲ್ಲ ನಾನು ಹೂಂ ಎನ್ನುತ್ತ ಬಂದೆ.

ಹೋದ ವಾರ ಮುಂಗುಸಿ ಬಂದಿತ್ತು. ಬಾಯವ್ವನ ಹತ್ತಿರ ಬಾಗಿಲಿರುವ ಗೂಡು ಒಂದೇ, ಅದರಲ್ಲಿ ನಮ್ಮವೆರಡನ್ನು ಇಟ್ಟು ತನ್ನ ಕಾವಿಗೆ ಕೂತ ಕೋಳಿಯನ್ನು ಬುಟ್ಟಿಯಡಿ ಮುಚ್ಚಿದ್ದಳು. ಮುಂಗುಸಿ ಬುಟ್ಟಿಯಡಿ ಕೆದರಿ ನುಗ್ಗಿದೆ. ಬೆಳಿಗ್ಗೆ ಗೋಡೆಯಾಚೆ ಪುಕ್ಕ ಹರಡಿದ್ದವು, ಕಾವಿನ ತತ್ತಿಗಳು ಒಡೆದು ಬಿದ್ದಿದ್ದವು. ಇತ್ತ ನಮ್ಮ ಹಿತ್ತಲಲ್ಲಿ ಜಾಳಿಗೆ ಬಡಿದ ಗಟ್ಟಿ ಗೂಡು ಖಾಲಿ ಇತ್ತು. ಬಾಯವ್ವ ಬೈದಿದ್ದರೂ ಆಗುತ್ತಿತ್ತು. ಪುಕ್ಕಗಳನ್ನು ಗುಡಿಸಿ, ಎಂದಿನ ಹಾಗೆ ಬಟ್ಟಲು ಗೋಡೆಯ ಮೇಲಿಟ್ಟು ಒಳಗೆ ಹೋದಳು.

ನನಗೆ ನಾಚಿಕೆಯಾಗಿದೆ ಮಗಳೇ. ಇವತ್ತು ಹೇಳುತ್ತೇನೆ ಎಂದು ನಳಕ್ಕೆ ಹೋಗುತ್ತೇನೆ, ನಾಲ್ಕು ಜನರನ್ನು ಕಂಡ ಕೂಡಲೇ ಮಳೆಯ ಮಾತು ತೆಗೆಯುತ್ತೇನೆ. ಈ ವಯಸ್ಸಿನಲ್ಲಿ ಎರಡು ಕೋಳಿ ನಮ್ಮವು ಎನ್ನಲು ನಾಲಿಗೆ ಏಳುತ್ತಿಲ್ಲ. ನೀನು ನನ್ನನ್ನು ದೊಡ್ಡ ಮನಸ್ಸಿನವಳೆಂದು ನಿನ್ನ ಅವ್ವನ ಮುಂದೆ ಹೊಗಳಿದೆಯಂತೆ, ಅದನ್ನು ಸ್ವಲ್ಪ ತಡೆ. ತತ್ತಿ ಮಾತ್ರ ಬಿಡಬೇಡ, ಬಿಸಿ ಇರುವಾಗಲೇ ತಿನ್ನು. ಬಸವಣ್ಣ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಕಾಯಲಿ.

ಇಂತಿ ನಿನ್ನ ಅತ್ತೆ,
ಚನ್ನವ್ವ

ತಾ.ಕ.: ಗುರುವಾರ ಬೆಳಿಗ್ಗೆ. ಗೌರೀಶ ಬಸ್ಸಿಗೆ ಅವಸರ ಮಾಡುತ್ತಿದ್ದಾನೆ. ಈಗಷ್ಟೇ ಅನ್ನಪೂರ್ಣಕ್ಕ ಮತ್ತು ಓಣಿಯ ಹೆಂಗಸರು ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ ಕೆಂಪಿ ಬೀದಿ ಸುತ್ತಿ ಬಂದು ಮೆಟ್ಟಿಲು ಹತ್ತಿತು. ಅನ್ನಪೂರ್ಣಕ್ಕ "ಬಂತ ನೋಡ ಬಾಯವ್ವಂದು" ಎಂದು ಕೋಲು ಎತ್ತಿದಳು. "ಹೊಡಿಬ್ಯಾಡಕ್ಕಾ, ನಮ್ಮದದು" ಎಂದೆ. "ಏನಂದಿ?" ಎಂದಳು. ಹಿತ್ತಲಾಚೆ ಬಾಯವ್ವನಿಗೆ ಕೇಳುವ ಹಾಗೆ ಕೂಗಿ ಹೇಳಿದೆ: ನಮ್ಮದು, ಬಿಳಿದೂ ನಮ್ಮದು, ನಮ್ಮ ಸೊಸಿ ತತ್ತಿ ತಿಂತಾಳ, ಅವತ್ತ ಸುಳ್ಳ ಹೇಳಿದಾಕಿ ನಾನು. ಅವರೆಲ್ಲ ಚಹಾ ಅಲ್ಲೇ ಬಿಟ್ಟು ಎದ್ದು ಹೋದರು. ಬಾಯವ್ವನ ಮನೆಗೆ ಹೋಗಿ, ಸತ್ತ ಕೋಳಿಯ ಬದಲು ಬಿಳಿಯದನ್ನು ನೀನೇ ಇಟ್ಟುಕೋ ಎಂದೆ. "ಬದಲಿ ಬ್ಯಾಡ್ರಿ. ಕೇಳಿದ್ದ ಕೊಟ್ರಿ, ಸಾಕು" ಎಂದು ಅದನ್ನು ನನ್ನ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡಳು. ಗೋಡೆಯ ಮೇಲೆ ಇವತ್ತು ಬಟ್ಟಲಿಲ್ಲ. ನೀನು ಕೂಸನ್ನು ಕರೆತರುವ ದಿನ ಮೊದಲು ಬಾಯವ್ವನ ಬಾಗಿಲಿಗೆ ಹೋಗು, ನಿನಗಾದರೂ ತೆರೆದಾಳು. ನಾನು ನಿನ್ನ ಹಿಂದೆ ನಿಂತಿರುತ್ತೇನೆ.